ಉದರಕ್ಕೂ ಒಂದು ವ್ರತ

ಆಟಿ ಅಮಾವಾಸ್ಯೆಯ ಮುಂಜಾನೆ ಬರಿಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಬಳಿಕ ಮೆಂತೆ ಗಂಜಿ ಉಣ್ಣುವ ರೂಢಿ ಮಂಗಳೂರಿನ ಮನೆಗಳಲ್ಲಿ ಇಂದಿಗೂ ಉಳಿದಿದೆ. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುವುದೆಂಬುದು ಹಿರಿಯರ ನಂಬಿಕೆ. ಜೈನರಿಗೆ ಇದೇ ಕಾಲ ಚಾತುರ್ಮಾಸ, ಉಪವಾಸಗಳ ಪರ್ವಕಾಲ. ಆದರೆ ಉಪವಾಸದಷ್ಟು ಪ್ರಸಿದ್ಧಿ ಪಡೆಯದ ಇನ್ನೊಂದು ತಪಸ್ಸು ಉದರಕ್ಕೆಂದೇ ಇದೆ. ಅದು ಅವಮೌದರ್ಯ, ಅರ್ಥಾತ್ ಊನೋದರ: ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯ ತಪಗಳಲ್ಲಿ ಅನಶನ ಮೊದಲನೆಯದಾದರೆ ಅವಮೌದರ್ಯ ಎರಡನೆಯದು. ಉದರದ ಅರ್ಧಭಾಗ ಅನ್ನಕ್ಕೆ, ಕಾಲುಭಾಗ ನೀರಿಗೆ, ಉಳಿದ ಕಾಲುಭಾಗ ವಾಯುಸಂಚಾರಕ್ಕೆ ಎಂದು ಮೂಲಾಚಾರ ಮುನಿಗಳ ಆಹಾರಕ್ಕೆ ಮಿತಿ ಹಾಕಿದೆ.

ಶರೀರದ ರಚನೆಯನ್ನು ನೋಡಿದರೆ ಈ ಮಿತಿಯ ಔಚಿತ್ಯ ತಿಳಿಯುತ್ತದೆ. ವಪೆಯ ಕೆಳಗೆ ಎಡಗಡೆಗೆ ಜಠರ. ಬಲಗಡೆಗೆ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು. ಅದರ ಅಡಿಯಲ್ಲಿ ಪಿತ್ತಕೋಶ. ಜಠರದ ಹಿಂಬದಿಯಲ್ಲಿ ಮೇದೋಜೀರಕ ಗ್ರಂಥಿ. ಕೆಳಗೆ ಸುರುಳಿಸುತ್ತಿದ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು. ಜಠರವು ಉಗ್ರಾಣವಲ್ಲ, ಕಡೆಯುವ ಪಾತ್ರೆ. ಕಂಠದವರೆಗೆ ತುಂಬಿದ ಪಾತ್ರೆಯಲ್ಲಿ ಕಡೆಯಲಾಗದು. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲವು ಅನ್ನನಾಳಕ್ಕೇರಿ ಎದೆಯುರಿ ತರುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮದ ಮೂಲವು ಅಹಿಂಸೆ. ದೀಪಕ್ಕೆ ಮುತ್ತುವ ಸೂಕ್ಷ್ಮಜೀವಿಗಳ ಮೇಲಿನ ಕರುಣೆ. ಆ ಕರುಣೆ ಉಂಡವನ ಉದರಕ್ಕೂ ವಿಶ್ರಾಂತಿ ನೀಡುತ್ತದೆ.

ಅನಶನಕ್ಕಿಂತ ಊನೋದರ ಸುಲಭವೆಂದು ತೋರಬಹುದು, ಆಚರಣೆಯಲ್ಲಿ ಹಾಗಲ್ಲ. ಉಪವಾಸವನ್ನು ನಾಲ್ವರು ಕಾಣುತ್ತಾರೆ, ಕೊಂಡಾಡುತ್ತಾರೆ. ಎಲೆಯಲ್ಲಿ ಪಾಯಸ ಬೀಳುವ ಮುನ್ನ ಸಾಕೆಂದು ಕೈ ಅಡ್ಡ ಹಿಡಿದವನ ಸಂಯಮವನ್ನು ಯಾರೂ ಗಮನಿಸುವುದಿಲ್ಲ. ಪರ್ಯುಷಣದಲ್ಲಿ ಉಪವಾಸವಿದ್ದು, ಪಾರಣೆಯ ದಿನವೇ ಮಿತಿಮೀರಿ ಉಂಡು, ಉಳಿದ ತಿಂಗಳುಗಳಲ್ಲಿ ನಡುರಾತ್ರಿಯ ಭೋಜನಕ್ಕೆ ಮರಳಿದರೆ ತಪಸ್ಸು ಕ್ಯಾಲೆಂಡರಿನಲ್ಲಿ ಮಾತ್ರ ಉಳಿಯುತ್ತದೆ. ಜಿಹ್ವೆಯನ್ನು ಗೆಲ್ಲದೆ ಕಷಾಯಗಳನ್ನು ಗೆಲ್ಲುವುದು ದುಸ್ತರ.

ವ್ರತವೆಂದರೆ ದೇಹದಂಡನೆಯಷ್ಟೇ ಅಲ್ಲ. ಬಾಲಕರು, ಗರ್ಭಿಣಿಯರು, ಮಧುಮೇಹಿಗಳು, ವೃದ್ಧರು ವೈದ್ಯರ ಸಲಹೆ ಪಡೆದೇ ಆಹಾರ ತಗ್ಗಿಸಬೇಕು. ಶಕ್ತಿಯನ್ನು ಅರಿತು ಮಾಡುವುದೇ ತಪ. ನಗರದ ದುಡಿಮೆಯ ನಡುವೆ ಸೂರ್ಯಾಸ್ತದೊಳಗೆ ಉಣ್ಣಲಾಗದವರು ವಾರಕ್ಕೊಂದು ದಿನವಾದರೂ ಆ ನಿಯಮವನ್ನು ಹಿಡಿಯಬಹುದು; ಪ್ರತಿ ಊಟದಲ್ಲಿ ಒಂದು ತುತ್ತು ಕಡಿಮೆ ಬಡಿಸಿಕೊಳ್ಳಬಹುದು. ಪಾತ್ರೆಯಲ್ಲಿ ಉಳಿದ ಆ ತುತ್ತು ಹಸಿದವನ ಎಲೆಯನ್ನು ಸೇರಿದರೆ, ಊನೋದರದೊಡನೆ ಆಹಾರದಾನವೂ ನೆರವೇರುತ್ತದೆ.