ಡಬ್ಬದ ಮೇಲಿನ ಸ್ಪೀಡ್ ನೋಡಿ ಕಾರ್ಡ್ ತಗೋಬೇಡಿ

ಡಿಪಾರ್ಟ್‌ಮೆಂಟ್ ಸರ್ವರ್‌ಗೆ ಹೊಸ ನೆಟ್‌ವರ್ಕ್ ಕಾರ್ಡ್ ಬೇಕು ಅಂದ ಕೂಡಲೇ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಏನಾಗುತ್ತೆ? ‘10 ಗಿಗಾಬಿಟ್ ಕಾರ್ಡ್, 1 ನಂಬರ್’ ಅಂತ ಇಂಡೆಂಟ್ ಬರೆದು ಮೂರು ಕೊಟೇಶನ್ ತರಿಸ್ತಾರೆ. ಯಾರ ರೇಟು ಕಡಿಮೆಯೋ ಅವರಿಗೆ ಆರ್ಡರ್. ಕುರ್ಚಿ, ಟ್ಯೂಬ್‌ಲೈಟಿಗೆ ಈ ಪದ್ಧತಿ ಸರಿ ಇರಬಹುದು. ಫ್ರೀಬಿಎಸ್‌ಡಿ ಥರದ ಯುನಿಕ್ಸ್ ಓಡೋ ಸರ್ವರ್‌ಗೆ ಇದು ಆಗಿಬರಲ್ಲ ಅನ್ನೋದು ನನ್ನ ವಾದ.

ಮೊದಲನೇ ಕಾರಣ ಡ್ರೈವರ್. ಡಬ್ಬದ ಮೇಲೆ ಯಾವ ಕಂಪನಿಯ ಹೆಸರಿದ್ರೂ ಕರ್ನೆಲ್ ಗುರುತು ಹಿಡಿಯೋದು ಒಳಗಿನ ಚಿಪ್ಪನ್ನ. ಇಂಟೆಲ್ 82599 ಚಿಪ್ ಇರೋ ಎಕ್ಸ್520 ಕಾರ್ಡಿಗೆ ‘ಐಎಕ್ಸ್’ ಡ್ರೈವರ್, ಇಂಟೆಲ್ 700 ಸರಣಿಗೆ ‘ಐಎಕ್ಸ್‌ಎಲ್’, ಚೆಲ್ಸಿಯೋದ ಟಿ5, ಟಿ6ಗೆ ‘ಸಿಎಕ್ಸ್‌ಜಿಬಿಇ’. ಇವೆಲ್ಲ ಫ್ರೀಬಿಎಸ್‌ಡಿ ಜೊತೆಗೇ ಬರುತ್ತವೆ. ಡ್ರೈವರಿನ ಮ್ಯಾನ್ ಪೇಜ್ ತೆಗೆದರೆ ಯಾವ ಯಾವ ಚಿಪ್ ನಡೆಯುತ್ತೆ ಅನ್ನೋ ಪಟ್ಟಿ ಅಲ್ಲೇ ಇರುತ್ತೆ, ಹತ್ತು ನಿಮಿಷದ ಕೆಲಸ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ತಂದ್ರೆ ಎಲ್ಲಿಂದಲೋ ಡ್ರೈವರ್ ಸೋರ್ಸ್ ಇಳಿಸಿ ಕಂಪೈಲ್ ಮಾಡ್ಬೇಕು, ಕರ್ನೆಲ್ ಅಪ್‌ಗ್ರೇಡ್ ಆದಾಗಲೆಲ್ಲ ಮತ್ತೆ ಮಾಡ್ಬೇಕು. ಅದನ್ನ ಹಾಕಿದ ಫೈನಲ್ ಇಯರ್ ಮಹಾಶಯ ಪಾಸಾಗಿ ಹೋಗಿರ್ತಾನೆ. ಸರ್ವರ್ ಮಾತ್ರ ಇನ್ನೂ ನಾಲ್ಕೈದು ವರ್ಷ ಓಡಬೇಕು. ಅಪ್‌ಗ್ರೇಡ್ ಮಾಡಿದ್ರೆ ನೆಟ್‌ವರ್ಕ್ ಹೋಗುತ್ತೆ ಅನ್ನೋ ಭಯಕ್ಕೆ ಯಾರೂ ಅಪ್‌ಗ್ರೇಡ್ ಮಾಡಲ್ಲ, ಹಳೇ ಸೆಕ್ಯುರಿಟಿ ತೂತುಗಳು ಹಾಗೇ ಉಳಿಯುತ್ತವೆ.

ಎರಡನೇದು, ಕಾರ್ಡ್ ತನ್ನ ಕೆಲಸ ತಾನು ಮಾಡುತ್ತಾ, ಸಿಪಿಯು ತಲೆಗೆ ಕಟ್ಟುತ್ತಾ ಅನ್ನೋದು. 100 ಮೆಗಾಬಿಟ್ ಕಾಲದ ರಿಯಲ್‌ಟೆಕ್ 8139 ಇದಕ್ಕೆ ಹೆಸರುವಾಸಿ. ಅದಕ್ಕೆ ಫ್ರೀಬಿಎಸ್‌ಡಿ ಡ್ರೈವರ್ ಬರೆದ ಬಿಲ್ ಪಾಲ್, ಸೋರ್ಸ್ ಕೋಡಿನ ಕಾಮೆಂಟಿನಲ್ಲೇ ಆ ಚಿಪ್ಪಿನ ಗ್ರಹಚಾರ ಬಿಡಿಸಿದ್ದಾರೆ. ಬಂದ ಪ್ಯಾಕೆಟ್‌ಗಳನ್ನೆಲ್ಲ ಅದು ಒಂದೇ ಬಫರಿಗೆ ಸುರಿಯುತ್ತಿತ್ತು. ಪ್ರತಿ ಪ್ಯಾಕೆಟ್ಟನ್ನೂ ಅಲ್ಲಿಂದ ಎತ್ತಿ ಕಾಪಿ ಮಾಡೋ ಕೂಲಿ ಸಿಪಿಯುದ್ದು. ಅಗ್ಗ ಆಗಿದ್ದು ಕಾರ್ಡ್ ಮಾತ್ರ.

10 ಗಿಗಾಬಿಟ್‌ನಲ್ಲಿ ಆ ಥರದ ಸೋಮಾರಿತನ ನಡೆಯಲ್ಲ. ಲೆಕ್ಕ ಹಾಕಿ ನೋಡಿ. ಅತಿ ಚಿಕ್ಕ ಈಥರ್ನೆಟ್ ಫ್ರೇಮ್ 64 ಬೈಟ್. ಮುಂದಿನ ಪ್ರಿಯಾಂಬಲ್, ನಡುವಿನ ಗ್ಯಾಪ್ ಸೇರಿಸಿದ್ರೆ ತಂತಿಯ ಮೇಲೆ 84 ಬೈಟ್. ಅಂದ್ರೆ ಸೆಕೆಂಡಿಗೆ 1 ಕೋಟಿ 48 ಲಕ್ಷ ಪ್ಯಾಕೆಟ್. ಒಂದೊಂದಕ್ಕೆ ಸಿಗೋದು 67 ನ್ಯಾನೋಸೆಕೆಂಡ್, 3 ಗಿಗಾಹರ್ಟ್ಸ್ ಸಿಪಿಯುನಲ್ಲಿ ಸುಮಾರು 200 ಸೈಕಲ್. ಕ್ಯಾಶ್‌ನಲ್ಲಿ ಇಲ್ಲದ ಡೇಟಾಗೆ ಒಂದು ಸಲ ರ್‍ಯಾಮ್‌ವರೆಗೆ ಹೋಗಿ ಬಂದ್ರೆ ಹೆಚ್ಚುಕಡಿಮೆ ಅಷ್ಟೂ ಖರ್ಚು! 1500 ಬೈಟಿನ ದೊಡ್ಡ ಪ್ಯಾಕೆಟ್ ಆದ್ರೆ ಸೆಕೆಂಡಿಗೆ 8 ಲಕ್ಷದ ಆಸುಪಾಸು, ಪರವಾಗಿಲ್ಲ. ಫೈಲ್ ಸರ್ವರ್ ಬದುಕೋದು ಈ ಎರಡನೇ ಲೋಕದಲ್ಲಿ, ಫೈರ್‌ವಾಲ್ ಮೊದಲನೇದಕ್ಕೂ ಸಿದ್ಧ ಇರಬೇಕು. ಅದಕ್ಕೇ ಪ್ಯಾಕೆಟ್‌ಗಳನ್ನ ಹಲವು ಕ್ಯೂಗೆ ಹಂಚಿ ಎಲ್ಲ ಕೋರ್‌ಗೂ ಕೆಲಸ ಕೊಡೋ ಕಾರ್ಡ್ ಬೇಕು. ಚೆಕ್‌ಸಮ್ ಹಾಕೋದು, ದೊಡ್ಡ ಡೇಟಾ ತುಂಡನ್ನ ಪ್ಯಾಕೆಟ್ ಮಾಡೋದು ಕಾರ್ಡಿನಲ್ಲೇ ಆಗ್ಬೇಕು.

‘ಸಿಪಿಯು ಈಗ ಸಿಕ್ಕಾಪಟ್ಟೆ ಫಾಸ್ಟು, ಕಾರ್ಡ್ ಯಾವುದಾದ್ರೇನು’ ಅನ್ನೋರಿದ್ದಾರೆ. 2021ರಲ್ಲಿ ನೆಟ್‌ಫ್ಲಿಕ್ಸ್ ಎಂಜಿನಿಯರ್‌ಗಳು ಒಂದೇ ಫ್ರೀಬಿಎಸ್‌ಡಿ ಸರ್ವರ್‌ನಿಂದ ಸೆಕೆಂಡಿಗೆ 400 ಗಿಗಾಬಿಟ್ ವಿಡಿಯೋ ಕಳಿಸೋದು ಹೇಗೆ ಅಂತ ತೋರಿಸಿದ್ರು. ಅವರಿಗೆ ಅಡ್ಡ ಬಂದಿದ್ದು ಮೆಮೊರಿ ಬ್ಯಾಂಡ್‌ವಿಡ್ತ್. ದಾರಿ ಸಿಕ್ಕಿದ್ದು ಟಿಎಲ್‌ಎಸ್ ಎನ್‌ಕ್ರಿಪ್ಷನ್ನನ್ನೇ ಕಾರ್ಡಿಗೆ ವಹಿಸಿದಾಗ. ನಮ್ಮ ಲ್ಯಾಬಿಗೆ ಅಷ್ಟು ಬೇಡ ಬಿಡಿ. ಆದ್ರೂ ಕಾರ್ಡಿನ ಬುದ್ಧಿ ಲೆಕ್ಕಕ್ಕಿಲ್ಲ ಅನ್ನೋ ಮಾತು ಅಲ್ಲಿಗೆ ಮುಗೀತು.

ಸ್ಲಾಟ್ ವಿಷಯ ಯಾರೂ ನೋಡಲ್ಲ. ಮದರ್‌ಬೋರ್ಡಿನಲ್ಲಿ ಉದ್ದದ ಸ್ಲಾಟ್ ಇದ್ದ ಮಾತ್ರಕ್ಕೆ 16 ಲೇನ್ ಇರಬೇಕಂತಿಲ್ಲ, ಎಷ್ಟೋ ಬೋರ್ಡಿನಲ್ಲಿ 4 ಲೇನ್ ಮಾತ್ರ ಎಳೆದಿರ್ತಾರೆ. ಎಕ್ಸ್520 ಪಿಸಿಐ ಎಕ್ಸ್‌ಪ್ರೆಸ್ 2ನೇ ತಲೆಮಾರಿನ ಕಾರ್ಡ್, ಲೇನಿಗೆ 4 ಗಿಗಾಬಿಟ್. 4 ಲೇನಿಗೆ 16, ಅದರಲ್ಲೂ ಸ್ವಲ್ಪ ಸೋರಿಕೆ. ಎರಡು ಪೋರ್ಟಿನ 20 ಎಲ್ಲಿಂದ ಬರಬೇಕು? ಇನ್ನು ಡಿಸ್ಕ್. ಒಂದು ಸಾಟಾ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 200 ಮೆಗಾಬೈಟ್ ಆಸುಪಾಸು ಕೊಟ್ರೆ ಹೆಚ್ಚು, 10 ಗಿಗಾಬಿಟ್ ಕೇಳೋದು 1250. ಒಂದೇ ಡಿಸ್ಕಿನ ಸರ್ವರ್ ಆದ್ರೆ ಕಾರ್ಡಿನ ದುಡ್ಡನ್ನ ಡಿಸ್ಕಿಗೆ ಹಾಕಿ ಅಂತೀನಿ.

ಹೊಸ ಅನಾಮಧೇಯ ಕಾರ್ಡಿಗಿಂತ ಸೆಕೆಂಡ್ ಹ್ಯಾಂಡ್ ಸರ್ವರ್ ಕಾರ್ಡೇ ಮೇಲು ಅನ್ನೋದು ನನ್ನ ಅಭಿಪ್ರಾಯ. ನಕಲಿ ಇಂಟೆಲ್ ಕಾರ್ಡ್‌ಗಳೂ ಓಡಾಡ್ತಿರುತ್ತವೆ, ಹಾಗಾಗಿ ವಾಪಸ್ ತಗೊಳ್ಳೋ ಅಂಗಡಿಯೇ ಆಗಬೇಕು. ಬಿಲ್ ಇಲ್ಲದ ಮಾಲನ್ನ ಅಕೌಂಟ್ಸ್ ಸೆಕ್ಷನ್ ಒಪ್ಪಲ್ಲ ಅನ್ನೋದು ನಿಜವಾದ ತೊಡಕು. ಹೊಸದೇ ಕೊಳ್ಳಬೇಕಾದ್ರೆ ಇಂಡೆಂಟಿನಲ್ಲಿ ಚಿಪ್ಪಿನ ಹೆಸರು, ಲೇನ್ ಎಷ್ಟು, ‘ಫ್ರೀಬಿಎಸ್‌ಡಿ ಕರ್ನೆಲ್ಲಿನಲ್ಲೇ ಡ್ರೈವರ್ ಇರತಕ್ಕದ್ದು’ ಅನ್ನೋ ಒಂದು ಸಾಲು ಬರೆಸಿ. ಆಮೇಲೆ ಮೂರು ಕೊಟೇಶನ್ ಧಾರಾಳವಾಗಿ ತರಿಸಲಿ, ಕಡಿಮೆ ರೇಟಿನವರಿಗೇ ಕೊಡಲಿ.

ಕೇಬಲ್ಲನ್ನೂ ಅದೇ ಇಂಡೆಂಟಿಗೆ ಸೇರಿಸಿ. ಸ್ವಿಚ್ ಅದೇ ರ್‍ಯಾಕಿನಲ್ಲಿದ್ರೆ ಎರಡೂ ತುದಿಗೆ ಎಸ್‌ಎಫ್‌ಪಿ ಪ್ಲಸ್ ಇರೋ ತಾಮ್ರದ ಡಿಎಸಿ ಕೇಬಲ್ ಸಾಕು, ಬಿಸಿಯೂ ಆಗಲ್ಲ. ದೂರ ಇದ್ದು ಆಪ್ಟಿಕ್ ಮಾಡ್ಯೂಲ್ ಹಾಕೋದಾದ್ರೆ, ಎಕ್ಸ್520 ಗುರುತಿಲ್ಲದ ಮಾಡ್ಯೂಲನ್ನ ಸುಮ್ಮನೆ ತಿರಸ್ಕರಿಸುತ್ತೆ. ಬೂಟ್ ಆಗುವಾಗಲೇ ಡ್ರೈವರ್‌ಗೆ ಹೇಳಿ ಒಪ್ಪಿಸಬೇಕು. ಅದೂ ಮ್ಯಾನ್ ಪೇಜ್‌ನಲ್ಲೇ ಇದೆ.