ಲೂಪ್ ಕಟ್ಟೋ ಮೊದಲು ಬಿಚ್ಚೋದನ್ನ ಪ್ಲಾನ್ ಮಾಡಿ

ಗ್ರಾಫಿಕ್ಸ್ ಕಾರ್ಡಿಗೆ ಕಸ್ಟಮ್ ವಾಟರ್ ಕೂಲಿಂಗ್ ಮಾಡ್ಬೇಕು ಅಂತ ಹೊರಟವರು ಮೊದಲು ನೋಡೋದು ವಿಡಿಯೋ. ಗಾಜಿನ ಥರ ಹೊಳೆಯೋ ಪೈಪು, ಒಳಗೆ ನೀಲಿ ನೀರು, ಸುತ್ತ ಆರ್‌ಜಿಬಿ ಲೈಟು. ವಿಡಿಯೋ ಮುಗಿಯೋದರೊಳಗೆ ಕಾರ್ಟ್ ತುಂಬಿರುತ್ತೆ. ನಾನೂ ಹಾಗೇ ಮಾಡಿದೆ. ಕೊಯ್ಲಿನ ಟೈಮಲ್ಲಿ ದೊಡ್ಡಪ್ಪನ ಮನೆಯಲ್ಲಿ ಅಡಿಕೆ ಕೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070ಗೆ ಒಂದು ವಾಟರ್ ಬ್ಲಾಕ್ ತರಿಸಿದೆ. ಬಂತು. ಕೂರಲಿಲ್ಲ.

ತಪ್ಪು ನಂದೇ. ಚಿಪ್ಪಿನ ಹೆಸರು ಒಂದೇ ಆದ್ರೂ ಒಂದೊಂದು ಕಂಪನಿ ಒಂದೊಂದು ಥರ ಬೋರ್ಡ್ ಮಾಡುತ್ತೆ. ಕೆಪಾಸಿಟರ್ ಎಲ್ಲಿದೆ, ಸ್ಕ್ರೂ ಎಲ್ಲಿದೆ, ಪವರ್ ಕನೆಕ್ಟರ್ ಎಲ್ಲಿದೆ, ಎಲ್ಲಾ ಬೇರೆ. ಫುಲ್ ಕವರ್ ಬ್ಲಾಕ್ ಅಂದ್ರೆ ಚಿಪ್ ಜೊತೆ ಮೆಮೊರಿ, ವಿಆರ್‌ಎಂ ಎಲ್ಲದರ ಮೇಲೂ ಕೂರಬೇಕಾದ ಲೋಹದ ಹಲಗೆ. ಅದನ್ನ ಕಾರ್ಡಿನ ಹೆಸರು ನೋಡಿ ತಗೊಳ್ಳೋದಲ್ಲ, ಆ ನಿರ್ದಿಷ್ಟ ಮಾಡೆಲ್‌ನ ಬೋರ್ಡ್ ನೋಡಿ ತಗೋಬೇಕು.

ಆ ಬ್ಲಾಕ್ ಈಗ್ಲೂ ಕಪಾಟಲ್ಲಿದೆ. ಅದನ್ನ ನೋಡ್ತಾ ನೋಡ್ತಾ ನಂಗೆ ಗಟ್ಟಿಯಾದ ಒಂದು ಅಭಿಪ್ರಾಯ ಇಲ್ಲಿ ಬರೀತಿದ್ದೀನಿ: ಮೊದಲ ಲೂಪ್‌ನ ಪ್ಲಾನು ಪಾರ್ಟ್ಸ್ ಲಿಸ್ಟಿಂದ ಶುರುವಾಗಬಾರದು. ಅದನ್ನ ಒಂದು ದಿನ ಬಿಚ್ಚಬೇಕಾಗುತ್ತಲ್ಲ, ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕ್ತಾ ಬರಬೇಕು.

ಈ ಮಾತು ನಂದಲ್ಲ, ದೊಡ್ಡಪ್ಪಂದು. ಅವರ ತೋಟ ಹೊಸನಗರ ತಾಲ್ಲೂಕಲ್ಲಿದೆ. ಮೊದಲೆಲ್ಲ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ನೀರು ಬರ್ತಿತ್ತು, ಈಗ ಕಪ್ಪು ಪೈಪಲ್ಲಿ ಬರುತ್ತೆ. ತೋಟಕ್ಕೆ ಪೂರ್ತಿ ಜೆಟ್ ಲೈನ್ ಎಳೆದವರು ಅವರೇ. ನಾನು ನೋಟ್‌ಬುಕ್ಕಲ್ಲಿ ಬರೆದ ಲೂಪ್ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದ್ರು. ‘ಎಂಥ ಮಾರಾಯ ಇದು, ನೀರು ಹೋಗದು ಬರದು ಎಲ್ಲಾ ಬರ್ದಿದೀಯ. ಖಾಲಿ ಮಾಡದು ಎಲ್ಲಿಂದ? ಗಾಳಿ ಹೋಗದು ಎಲ್ಲಿಂದ?’ ಅಂದ್ರು.

ನನ್ನ ಚಿತ್ರದಲ್ಲಿ ಎರಡೂ ಇರಲಿಲ್ಲ.

ಪೈಪಲ್ಲಿ ಗಾಳಿ ಹಿಡಿದ್ರೆ ಏನಾಗುತ್ತೆ ಅಂತ ನಮ್ಮ ಕಡೆ ತೋಟದ ಮನೆಯವರಿಗೆ ಹೇಳಬೇಕಾಗಿಲ್ಲ. ಏರಿ ಇಳಿಯೋ ಜಾಗದಲ್ಲಿ ಗಾಳಿ ಕೂತರೆ ಮೇಲೆ ಎಷ್ಟೇ ನೀರಿದ್ರೂ ಕೆಳಗೆ ಬರಲ್ಲ. ಲೂಪಲ್ಲೂ ಹಾಗೇ. ಗಾಳಿ ಪಂಪಿಗೆ ಸಿಕ್ಕಿದ್ರೆ ಅದು ನೀರು ತಳ್ಳಲ್ಲ, ಕಿರ್ರ್ ಅನ್ನುತ್ತೆ. ಒಣಗಿದ ಪಂಪ್ ಓಡಿಸಿದ್ರೆ ಬೇರಿಂಗ್ ಹಾಳು, ಯಾಕಂದ್ರೆ ಒಳಗಿನ ನೀರೇ ಅದಕ್ಕೆ ಎಣ್ಣೆ ಇದ್ದ ಹಾಗೆ. ಅದಕ್ಕೆ ರಿಸರ್ವಾಯರ್ ಯಾವಾಗಲೂ ಪಂಪಿಗಿಂತ ಮೇಲೆ, ಅದರ ನೀರು ನೇರ ಪಂಪಿಗೆ ಇಳಿಯೋ ಹಾಗೆ ಇರಬೇಕು. ಲೂಪಿನ ಅತಿ ಕೆಳಗಿನ ಜಾಗದಲ್ಲಿ ಒಂದು ಟಿ ಫಿಟಿಂಗು, ಅದಕ್ಕೊಂದು ಬಾಲ್ ವಾಲ್ವು. ಇವೆರಡರ ಜಾಗ ಮೊದಲು ಗುರುತು ಮಾಡಿ, ಆಮೇಲೆ ಉಳಿದ ಪೈಪ್ ಎಳೀರಿ. ಡ್ರೈನ್ ಇಲ್ಲದ ಲೂಪಲ್ಲಿ ಕಾರ್ಡ್ ಬಿಚ್ಚೋದು ಅಂದ್ರೆ ಮದರ್‌ಬೋರ್ಡಿನ ಮೇಲೆ ಬಟ್ಟೆ ಹಾಸಿ ದೇವರಿಗೆ ಕೈ ಮುಗಿಯೋದು.

ಹಾಗಂತ ಊರಿನ ತಿಳುವಳಿಕೆ ಎಲ್ಲಾ ಹಾಗೇ ಇಲ್ಲಿಗೆ ಹೊಂದುತ್ತೆ ಅಂತಲ್ಲ. ದೊಡ್ಡಪ್ಪ ಇನ್ನೊಂದು ಪ್ರಶ್ನೆ ಕೇಳಿದ್ರು: ‘ರೇಡಿಯೇಟರ್ ಮೇಲಿದೆ, ಪಂಪ್ ಕೆಳಗಿದೆ. ಅಷ್ಟು ಎತ್ತರಕ್ಕೆ ಎತ್ತುತ್ತಾ ಇದು?’ ತೋಟದಲ್ಲಿ ಸರಿಯಾದ ಪ್ರಶ್ನೆ. ಆದ್ರೆ ಪೂರ್ತಿ ತುಂಬಿದ ಮುಚ್ಚಿದ ಲೂಪಲ್ಲಿ ಮೇಲೆ ಹೋಗೋ ನೀರಿನ ತೂಕವನ್ನ ಕೆಳಗೆ ಬರೋ ನೀರಿನ ತೂಕ ಸರಿದೂಗಿಸುತ್ತೆ. ಎತ್ತರದ ಲೆಕ್ಕ ಸೊನ್ನೆ. ಪಂಪ್ ಹೋರಾಡಬೇಕಾಗಿದ್ದು ಘರ್ಷಣೆ ಜೊತೆ ಮಾತ್ರ, ಅದರಲ್ಲೂ ಬ್ಲಾಕಿನ ಒಳಗಿರೋ ಕೂದಲೆಳೆಯಂಥ ಸಂದುಗಳ ಜೊತೆ. ಡಿ5 ಥರದ ಪಂಪಿಗೆ ಸುಮಾರು 4 ಮೀಟರ್ ಹೆಡ್ ಇದೆ, ಒಂದು ಕ್ಯಾಬಿನೆಟ್ಟಿಗೆ ಧಾರಾಳ ಸಾಕು. ಎತ್ತರ ಮುಖ್ಯವಾಗೋದು ಮೊದಲ ಸಲ ನೀರು ತುಂಬಿಸುವಾಗ ಮಾತ್ರ.

ಟೆಫ್ಲಾನ್ ಟೇಪ್ ವಿಷಯದಲ್ಲೂ ಹಾಗೇ. ‘ನಾಕು ಸುತ್ತು ಟೇಪ್ ಸುತ್ತು’ ಅಂದ್ರು. ಇಲ್ಲಿ ಬೇಡ. ಈ ಫಿಟಿಂಗುಗಳ ಜಿ1/4 ಥ್ರೆಡ್ ನೇರವಾಗಿರುತ್ತೆ, ನೀರು ತಡೆಯೋದು ಥ್ರೆಡ್ ಅಲ್ಲ, ಬುಡದ ರಬ್ಬರ್ ರಿಂಗು. ಕೈಯಲ್ಲಿ ಬಿಗಿ ಮಾಡಿದ್ರೆ ಸಾಕು. ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಬ್ಲಾಕಿನ ಅಕ್ರಿಲಿಕ್ ಬಿರುಕು ಬಿಡಬಹುದು.

ಈಗ ಎಲ್ಲರೂ ತಪ್ಪು ತಿಳಿದಿರೋ ಒಂದು ವಿಷಯಕ್ಕೆ ಬರ್ತೀನಿ. ನೀರು ಕಾರ್ಡನ್ನ ತಣ್ಣಗೆ ಮಾಡಲ್ಲ. ನೀರು ಬಿಸಿಯನ್ನ ಹೊತ್ಕೊಂಡು ಹೋಗುತ್ತೆ ಅಷ್ಟೇ. ತಣ್ಣಗೆ ಮಾಡೋದು ರೇಡಿಯೇಟರ್ ಮೂಲಕ ಹೋಗೋ ಗಾಳಿ. ನಂಬಿಕೆ ಇಲ್ಲ ಅಂದ್ರೆ ಫಸ್ಟ್ ಇಯರ್ ಲೆಕ್ಕ ಮಾಡಿ. 3070 ಕಾರ್ಡಿನ ಪವರ್ 220 ವ್ಯಾಟ್. ಲೂಪಲ್ಲಿ 1 ಲೀಟರ್ ನೀರಿದೆ ಅನ್ಕೊಳ್ಳಿ. 1 ಲೀಟರ್ ನೀರನ್ನ 1 ಡಿಗ್ರಿ ಬಿಸಿ ಮಾಡಕ್ಕೆ ಸುಮಾರು 4186 ಜೌಲ್ ಬೇಕು. ಭಾಗಿಸಿದ್ರೆ 19 ಸೆಕೆಂಡಿಗೆ 1 ಡಿಗ್ರಿ. ಅಂದ್ರೆ ಫ್ಯಾನ್ ತಿರುಗದೆ, ಬಿಸಿ ಹೊರಗೆ ಹೋಗದೆ ಇದ್ರೆ 30 ಡಿಗ್ರಿಯ ನೀರು ಹತ್ತು ನಿಮಿಷದೊಳಗೆ 60 ಮುಟ್ಟುತ್ತೆ. ಡಿ5 ಪಂಪಿನ ಮಿತಿಯೂ 60. ದೊಡ್ಡ ರಿಸರ್ವಾಯರ್ ಹಾಕಿದ್ರೆ ಆ ಹತ್ತು ನಿಮಿಷ ಹದಿನೈದು ಆಗುತ್ತೆ, ಬೇರೇನೂ ಆಗಲ್ಲ.

ಹರಿವಿನ ಲೆಕ್ಕವನ್ನೂ ನೋಡಿ. ನಿಮಿಷಕ್ಕೆ 1 ಲೀಟರ್ ಹರಿದ್ರೆ ಬ್ಲಾಕಿಗೆ ಹೋಗೋ ನೀರಿಗೂ ಹೊರಗೆ ಬರೋ ನೀರಿಗೂ ಇರೋ ವ್ಯತ್ಯಾಸ ಸುಮಾರು 3 ಡಿಗ್ರಿ. 4 ಲೀಟರ್ ಹರಿದ್ರೆ 1 ಡಿಗ್ರಿಗಿಂತ ಕಡಿಮೆ. ಅಂದ್ರೆ ಹರಿವು ಒಂದು ಮಟ್ಟಕ್ಕೆ ಬಂದ ಮೇಲೆ ಯಾವ ಪಾರ್ಟ್ ಮೊದಲು, ಯಾವುದು ಆಮೇಲೆ ಅಂತ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ. ಪೈಪ್ ಕಡಿಮೆ ಬಾಗೋ ದಾರಿ ನೋಡಿ. ದುಡ್ಡನ್ನ ರೇಡಿಯೇಟರಿಗೆ ಹಾಕಿ. ಇಂಥ ಒಂದು ಕಾರ್ಡಿಗೆ 240 ಮಿಲಿಮೀಟರಿಂದು ನಡೆಯುತ್ತೆ, ಸದ್ದಿಲ್ಲದೆ ನಡೀಬೇಕು ಅಂದ್ರೆ 360.

ನನ್ನ ಗೆಳೆಯ ಒಬ್ಬ ತೀರ್ಥಹಳ್ಳಿ ತಾಲ್ಲೂಕಿನವನು, ಆಗುಂಬೆ ಕಡೆ ಮನೆ. ಅವನ ಐಡಿಯಾ ಕೇಳಿ ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ‘ಲೂಪ್ ಯಾಕೋ? ನಮ್ಮನೇಲಿ ಅಬ್ಬಿ ನೀರು ದಿನಪೂರ್ತಿ ಸುಮ್ನೆ ಹರೀತಾ ಇರುತ್ತೆ. ಅದನ್ನೇ ಬ್ಲಾಕಿಗೆ ಬಿಟ್ಟು ತೋಟಕ್ಕೆ ಬಿಟ್ರಾಯ್ತು. ರೇಡಿಯೇಟರ್ ಇಲ್ಲ, ಪಂಪ್ ಇಲ್ಲ, ಕರೆಂಟ್ ಇಲ್ಲ’ ಅಂದ. ಕೇಳಕ್ಕೆ ಎಷ್ಟು ಚೆನ್ನಾಗಿದೆ!

ಆದ್ರೆ ಆಗುಂಬೆ ಅಂದ್ರೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳೋ ಊರು. ಮಳೆಗಾಲದಲ್ಲಿ ಗಾಳಿ 24 ಡಿಗ್ರಿ, ತೇವಾಂಶ 95 ಪರ್ಸೆಂಟ್ ಇದೆ ಅನ್ಕೊಳ್ಳಿ. ಡ್ಯೂ ಪಾಯಿಂಟ್ 23ರ ಆಸುಪಾಸು ಬರುತ್ತೆ. ಅಂಥ ದಿನ ಗುಡ್ಡದಿಂದ 20 ಡಿಗ್ರಿ ನೀರು ಬಂದ್ರೆ ಪೈಪಿನ ಹೊರಗೆ ಬೆವರು ಇಳಿಯುತ್ತೆ, ಫ್ರಿಜ್ಜಿಂದ ತೆಗೆದ ಬಾಟಲಿ ಥರ. ಆ ಹನಿ ಬೀಳೋದು ಕಾರ್ಡಿನ ಮೇಲೆ. ಜೊತೆಗೆ ಅಬ್ಬಿ ನೀರಲ್ಲಿ ಬರೋ ಮಣ್ಣು, ಪಾಚಿ. ತೋಟದ ಜೆಟ್ಟೇ ಕಟ್ಟಿಕೊಳ್ಳುತ್ತೆ ಅಂದ್ಮೇಲೆ ಬ್ಲಾಕಿನ ಸಂದು ಎಷ್ಟು ದಿನ ತಡೆದೀತು?

ಇದೇ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ‘ಮಲೆನಾಡಿನ ಶೀತಕ್ಕೆ ವಾಟರ್ ಕೂಲಿಂಗ್ ಆಗಿ ಬರಲ್ಲ’ ಅಂತ ಹೇಳೋರಿದ್ದಾರೆ. ಅದು ತಪ್ಪು. ರೇಡಿಯೇಟರ್ ಇರೋ ಮಾಮೂಲಿ ಲೂಪಲ್ಲಿ ನೀರು ಕೋಣೆಯ ಗಾಳಿಗಿಂತ ತಣ್ಣಗೆ ಆಗೋದೇ ಇಲ್ಲ. ಹಾಗಾಗಿ ಬೆವರೋ ಪ್ರಶ್ನೆ ಇಲ್ಲ. ಸಾಗರದಲ್ಲಿ ನಮ್ಮನೇಲಿ ಜುಲೈ ತಿಂಗಳಲ್ಲಿ ಶೂ ಮೇಲೆ ಬೂಷ್ಟು ಬರುತ್ತೆ ನಿಜ, ಆದ್ರೆ ಅದಕ್ಕೂ ಲೂಪಿಗೂ ಸಂಬಂಧ ಇಲ್ಲ.

ಇನ್ನು ಲೋಹದ ವಿಷಯ. ವಾಟರ್ ಬ್ಲಾಕ್ ಸಾಮಾನ್ಯವಾಗಿ ತಾಮ್ರದ್ದು, ಮೇಲೆ ನಿಕಲ್ ಲೇಪ. ಕಡಿಮೆ ರೇಟಿನ ಕೆಲವು ರೇಡಿಯೇಟರ್ ಅಲ್ಯೂಮಿನಿಯಂದು. ಎರಡನ್ನೂ ಒಂದೇ ಲೂಪಲ್ಲಿ ಸೇರಿಸಬಾರದು ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ನಂಗೆ ತಲೆಗೆ ಹೋಗಿದ್ದು ಬೋರ್ಡೋ ದ್ರಾವಣದಿಂದ. ಕೊಳೆ ರೋಗಕ್ಕೆ ಹೊಡೆಯೋ ಆ ಔಷಧಿ ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದ ಬಂತಾ ಅಂತ ನೋಡಕ್ಕೆ ಕಬ್ಬಿಣದ ಕತ್ತಿ ಅದ್ದುತ್ತಾರೆ. ಕತ್ತಿ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಆ ಕೆಂಪು ಏನು? ತಾಮ್ರ. ಕಬ್ಬಿಣ ಕರಗಿ ತನ್ನ ಜಾಗವನ್ನ ತಾಮ್ರಕ್ಕೆ ಕೊಡ್ತಿದೆ. ಲೂಪಲ್ಲಿ ಅಲ್ಯೂಮಿನಿಯಂ ಕಥೆಯೂ ಇದೇ ಜಾತಿಯದ್ದು, ನಿಧಾನವಾಗಿ ನಡೆಯುತ್ತೆ ಅಷ್ಟೇ. ರೇಡಿಯೇಟರ್ ಒಳಗಿಂದ ತಿಂದು ಹೋಗುತ್ತೆ, ಕರಗಿದ್ದೆಲ್ಲ ಬ್ಲಾಕಿನ ಸಂದಿಗೆ ಬಂದು ಕೂರುತ್ತೆ. ರೇಡಿಯೇಟರ್ ತಾಮ್ರ-ಹಿತ್ತಾಳೆಯದ್ದೇ ತಗೊಳ್ಳಿ. ನೀರು ಡಿಸ್ಟಿಲ್ಡ್ ಇರಲಿ, ಅದಕ್ಕೆ ಪಾಚಿ ಮತ್ತು ತುಕ್ಕು ತಡೆಯೋ ಔಷಧಿ ಇರಲಿ, ಇಲ್ಲಾ ರೆಡಿ ಕೂಲೆಂಟ್ ತಗೊಳ್ಳಿ. ಬಾವಿ ನೀರು ಎಷ್ಟೇ ಸಿಹಿ ಇರಲಿ, ಬೇಡ.

ಇಷ್ಟೆಲ್ಲ ಆದ್ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಲೂಪ್ ಬೇಕಾ? ಕಾರ್ಡ್ ಬಿಸಿ ಆಗ್ತಿದೆ ಅನ್ನೋದೊಂದೇ ಕಾರಣ ಆದ್ರೆ, ಪ್ರಾಮಾಣಿಕವಾಗಿ ಹೇಳ್ತೀನಿ, ಬೇಡ. ಧೂಳು ತೆಗೀರಿ, ಥರ್ಮಲ್ ಪೇಸ್ಟ್ ಬದಲಿಸಿ, ಪವರ್ ಲಿಮಿಟ್ ಸ್ವಲ್ಪ ಇಳಿಸಿ. ಹೆಚ್ಚಿನವರ ಸಮಸ್ಯೆ ಅಲ್ಲಿಗೇ ಮುಗಿಯುತ್ತೆ. ವಾರಂಟಿ ಇರೋ ಕಾರ್ಡನ್ನಂತೂ ಬಿಚ್ಚಕ್ಕೇ ಹೋಗಬೇಡಿ. ಪೂರ್ತಿ ಲೂಪಿನ ಖರ್ಚು ನನ್ನ ಹಳೇ ಕಾರ್ಡಿನ ಬೆಲೆಯನ್ನೇ ದಾಟುತ್ತೆ. ದುಡ್ಡಿನ ಲೆಕ್ಕದಲ್ಲಿ ಇದು ಯಾವತ್ತೂ ಗೆಲ್ಲಲ್ಲ.

ಆದ್ರೂ ನಾನು ಮಾಡ್ತೀನಿ. ಯಾಕಂದ್ರೆ ಥರ್ಮೋ, ಫ್ಲೂಯಿಡ್ಸ್, ಕೆಮಿಸ್ಟ್ರಿ ಮೂರನ್ನೂ ಬೇರೆ ಬೇರೆ ಪೇಪರ್ ಅಂತ ಓದಿ ಮರೆತಿದ್ದೆ. ಮೂರೂ ಒಂದೇ ಡಬ್ಬಿಯೊಳಗೆ ಕೂತು, ತಪ್ಪಾದ್ರೆ ನನ್ನ ದುಡ್ಡನ್ನೇ ಕೇಳೋ ಜಾಗ ಇದು. ಕಲಿಯಕ್ಕೆ ಅಂತಲೇ ಮಾಡೋದಾದ್ರೆ ಮೊದಲ ಲೂಪ್ ಕುರೂಪಿಯಾಗಿದ್ರೂ ಪರವಾಗಿಲ್ಲ, ಹತ್ತು ಸಲ ಬಿಚ್ಚಿ ಕಟ್ಟೋ ಹಾಗಿರಬೇಕು. ಅದಕ್ಕೇ ಗಾಜಿನಂಥ ಗಟ್ಟಿ ಪೈಪ್ ಬೇಡ ಅಂತೀನಿ. ಮೆತ್ತನೆ ಟ್ಯೂಬ್ ತಪ್ಪಾಗಿ ಕತ್ತರಿಸಿದ್ರೆ ಇನ್ನೊಂದು ತುಂಡು ಕತ್ತರಿಸ್ತೀರಿ, ಅಷ್ಟೇ.

ಆರ್ಡರ್ ಒತ್ತೋ ಮೊದಲು ನೋಟ್‌ಬುಕ್ಕಲ್ಲಿ ಈ ಐದಕ್ಕೆ ಉತ್ತರ ಬರೀರಿ:

1. ನನ್ನ ಕಾರ್ಡಿನ ಬೋರ್ಡ್ ಯಾವುದು? ಬ್ಲಾಕ್ ತಯಾರಿಸೋರ ಪಟ್ಟಿಯಲ್ಲಿ ಅದೇ ಮಾಡೆಲ್ ಇದೆಯಾ?
2. ನೀರು ಖಾಲಿ ಮಾಡೋದು ಎಲ್ಲಿಂದ, ಗಾಳಿ ಹೋಗೋದು ಎಲ್ಲಿಂದ?
3. ಎಷ್ಟು ವ್ಯಾಟ್ ಬಿಸಿ, ಅದಕ್ಕೆ ಎಷ್ಟು ದೊಡ್ಡ ರೇಡಿಯೇಟರ್? ಅದು ಕ್ಯಾಬಿನೆಟ್ಟಲ್ಲಿ ಫ್ಯಾನ್ ಸಮೇತ ಕೂರುತ್ತಾ?
4. ನೀರು ಮುಟ್ಟೋ ಪ್ರತಿ ಲೋಹ ಯಾವುದು?
5. ಟ್ಯೂಬಿನ ಒಳ ಅಳತೆ, ಹೊರ ಅಳತೆ ಎರಡೂ ಫಿಟಿಂಗಿಗೆ ಹೊಂದುತ್ತಾ? 10/13ಕ್ಕೆ ಮಾಡಿದ್ದು 10/16ಕ್ಕೆ ಆಗಲ್ಲ.

ಕಟ್ಟಿದ ಮೇಲೆ ಕಾರ್ಡಿಗೆ ಕರೆಂಟ್ ಕೊಡದೆ, ಪಂಪ್ ಮಾತ್ರ ಒಂದು ದಿನ ಓಡಿಸಿ. ಪ್ರತಿ ಜಾಯಿಂಟ್ ಕೆಳಗೆ ಟಿಶ್ಯೂ ಇಡಿ. ಟಿಶ್ಯೂ ಒಣಗಿದ್ದರೆ ಮಾತ್ರ ಮುಂದೆ.

ನನ್ನ ಹೊಸ ಲಿಸ್ಟ್ ರೆಡಿ ಇದೆ. ಬ್ಲಾಕ್ ಈಗ ಮೂರನೇ ಸಾಲಲ್ಲಿದೆ. ಮೊದಲನೇ ಸಾಲಲ್ಲಿ ಬಾಲ್ ವಾಲ್ವ್. ಈ ಸಲ ಊರಿಗೆ ಹೋದಾಗ ಹೊಸ ಚಿತ್ರ ದೊಡ್ಡಪ್ಪನಿಗೆ ತೋರಿಸ್ತೀನಿ. ಅವರು ಇನ್ನೇನು ಕೇಳ್ತಾರೋ ಗೊತ್ತಿಲ್ಲ. ಅವರು ಕೇಳೋವರೆಗೂ ಆರ್ಡರ್ ಒತ್ತಲ್ಲ.