ಹಳೆಯ ಕಂಪ್ಯೂಟರಿಗೆ ಹೊಸ ವ್ಯವಸ್ಥೆ: ಬದಲಿಸಬೇಕೆ, ಬೇಡವೆ?

2025ರ ಅಕ್ಟೋಬರ್ 14ರಂದು ಯಾವ ಮನೆಯ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಮಕ್ಕಳು ಎಂದಿನಂತೆ ಟಿಪ್ಪಣಿ ಟೈಪು ಮಾಡಿದರು, ದೊಡ್ಡವರು ವಿದ್ಯುತ್ ಬಿಲ್ಲು ಕಟ್ಟಿದರು. ಆದರೆ ಅಂದಿಗೆ ಒಂದು ಅವಧಿ ಮುಗಿದಿತ್ತು. 2015ರ ಜುಲೈಯಲ್ಲಿ ಹೊರಬಂದಿದ್ದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೊಸಾಫ್ಟ್ ಕಂಪೆನಿ ಹತ್ತು ವರ್ಷ ಕೊಟ್ಟುಕೊಂಡು ಬಂದಿದ್ದ ಉಚಿತ ಬೆಂಬಲ ಆ ದಿನ ನಿಂತಿತು.

ಅಲ್ಲಿಂದೀಚೆಗೆ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ವಿಂಡೋಸ್ 11 ಹಾಕಿಸಿಕೊಡಿ ಎಂದು ಮಕ್ಕಳ ಒತ್ತಾಯ. ಹೊಸ ಯಂತ್ರವೇ ಕೊಳ್ಳಬೇಕು ಎಂದು ಅಂಗಡಿಯವರ ಸಲಹೆ. ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಈಗೇನು ಅವಸರ ಎಂದು ದುಡ್ಡು ಕೊಡಬೇಕಾದವರ ಪ್ರಶ್ನೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಸರಿಯಾದ ತೀರ್ಮಾನಕ್ಕೆ ಬರಬೇಕಾದರೆ ಈ ವ್ಯವಸ್ಥೆ ಮಾಡುವ ಕೆಲಸವೇನು, ಬೆಂಬಲ ನಿಂತರೆ ಆಗುವ ನಷ್ಟವೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮದುವೆ ಮನೆಯಲ್ಲಿ ಅಡುಗೆಯವರು, ಬಡಿಸುವವರು, ವಾಲಗದವರು ಎಲ್ಲರೂ ತಂತಮ್ಮ ಕೆಲಸ ಬಲ್ಲವರೇ. ಆದರೂ ಉಗ್ರಾಣದ ಕೀಲಿಕೈ ಇಟ್ಟುಕೊಂಡು, ಯಾರಿಗೆ ಯಾವಾಗ ಏನು ಕೊಡಬೇಕೆಂದು ನೋಡಿಕೊಳ್ಳುವ ಒಬ್ಬ ಯಜಮಾನ ಇಲ್ಲದಿದ್ದರೆ ಕಾರ್ಯ ಸಾಗದು. ಕಂಪ್ಯೂಟರಿನೊಳಗೆ ಆ ಯಜಮಾನಿಕೆ ಕಾರ್ಯಾಚರಣ ವ್ಯವಸ್ಥೆಯದು. ಕೀಲಿಮಣೆ, ಮುದ್ರಕ, ಸ್ಮರಣೆ, ಅಂತರಜಾಲ ಇವೆಲ್ಲ ಅದರ ಅಪ್ಪಣೆಯಂತೆ ನಡೆಯುತ್ತವೆ. ಆದ್ದರಿಂದಲೇ ಕಳ್ಳನ ಕಣ್ಣು ಕೂಡ ಈ ಕೀಲಿಕೈಯ ಮೇಲೆ.

ಇಷ್ಟು ದೊಡ್ಡ ತಂತ್ರಾಂಶದಲ್ಲಿ ತಪ್ಪುಗಳು ಉಳಿಯದಿರುವುದಿಲ್ಲ. ಅಂಥ ತಪ್ಪು ಕಂಡಾಗಲೆಲ್ಲ ತಯಾರಕರು ತೇಪೆ ಹಾಕಿ ಕಳಿಸುತ್ತಾರೆ. ಮೈಕ್ರೊಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂಥ ಸುರಕ್ಷಾ ತೇಪೆಗಳನ್ನು ಬಿಡುಗಡೆ ಮಾಡುವ ಪದ್ಧತಿ ಇಟ್ಟುಕೊಂಡಿದೆ. ಬೆಂಬಲ ಮುಗಿಯಿತು ಎಂದರೆ ಈ ತೇಪೆ ನಿಂತಿತು ಎಂದರ್ಥ. ಯಂತ್ರ ಓಡುತ್ತದೆ, ಬೀಗ ಸಡಿಲವಾದರೆ ಸರಿಮಾಡಿಕೊಡುವವರಿಲ್ಲ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಹೊಸ ವ್ಯವಸ್ಥೆಗೆ ಬಂದ ತೇಪೆಯನ್ನು ಬಿಡಿಸಿ ನೋಡಿದ ದುಷ್ಕರ್ಮಿಗೆ, ಅದೇ ತೂತು ಹಳೆಯದರಲ್ಲಿ ಎಲ್ಲಿರಬಹುದೆಂಬ ಸುಳಿವು ಸಿಗುತ್ತದೆ.

ಇದು ಬರಿಯ ಹೆದರಿಕೆಯ ಮಾತಲ್ಲ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹರಡಿತು. ಕಡತಗಳಿಗೆ ಬೀಗ ಜಡಿದು, ತೆರೆಯಬೇಕಾದರೆ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ ಎಂದು ಬೇಡಿಕೆ ಇಟ್ಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆಗಳು ರದ್ದಾದವು. ಸೋಜಿಗವೆಂದರೆ, ಆ ತೂತಿಗೆ ಬೇಕಾದ ತೇಪೆ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ, ಹೊರಬಂದಿತ್ತು. ಬಲಿಯಾದವುಗಳಲ್ಲಿ ಬಹುಪಾಲು ಅದನ್ನು ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. 2014ರಲ್ಲೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಕಂಪೆನಿ ಆಮೇಲೆ ತುರ್ತಾಗಿ ತೇಪೆ ಕೊಟ್ಟಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಹಾಗೆಂದು ಹೊಸದು ಬಂದ ದಿನವೇ ಮುಗಿಬೀಳುವುದೂ ಜಾಣತನವಲ್ಲ. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅನೇಕರ ಹಳೆಯ ಮುದ್ರಕಗಳು ಅದರೊಡನೆ ಕೆಲಸ ಮಾಡಲಿಲ್ಲ; ಬಹಳ ಮಂದಿ ಎಕ್ಸ್‌ಪಿಯಲ್ಲೇ ಉಳಿದರು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ದೊಡ್ಡ ಪರಿಷ್ಕರಣೆ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಕಂಪೆನಿ ಅದನ್ನು ತಡೆಹಿಡಿಯಬೇಕಾಯಿತು.

ಈ ಎರಡೂ ಅನುಭವಗಳನ್ನು ಜೊತೆಗಿಟ್ಟು ನೋಡಿದರೆ ದಾರಿ ತಿಳಿಯಾಗುತ್ತದೆ. ಹೊಸದರ ಅಂದಚಂದ ನೋಡಿ ಬದಲಿಸಬೇಕಾಗಿಲ್ಲ. ಹಳೆಯದಕ್ಕೆ ತೇಪೆ ಬರುವಷ್ಟು ಕಾಲ ಕಾಯಬಹುದು. ತೇಪೆ ನಿಂತ ಮೇಲೆ, ಅಂತರಜಾಲಕ್ಕೆ ಸೇರುವ ಯಂತ್ರವನ್ನು ಇದ್ದಂತೆಯೇ ಬಿಡಬಾರದು. ಉಳಿದ ಪ್ರಶ್ನೆ, ಯಾವ ದಾರಿ ಮತ್ತು ಯಾವಾಗ ಎಂಬುದು ಮಾತ್ರ.

ಯಂತ್ರ ಒಪ್ಪುತ್ತದೆಯೆ?

ವಿಂಡೋಸ್ 10 ಇರುವ ಅರ್ಹ ಯಂತ್ರಕ್ಕೆ ವಿಂಡೋಸ್ 11 ಉಚಿತ. ಆದರೆ ಅರ್ಹತೆಯ ಪಟ್ಟಿ ಹಿಂದಿನದಕ್ಕಿಂತ ಬಿಗಿ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ‘ಸೆಕ್ಯೂರ್ ಬೂಟ್’ ಸೌಲಭ್ಯ, ‘ಟಿಪಿಎಂ 2.0’ ಎಂಬ ಸುರಕ್ಷಾ ಚಿಪ್ಪು ಇವೆಲ್ಲ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, 8ನೆಯ ತಲೆಮಾರಿನದು ಅಥವಾ ಅದರ ನಂತರದ್ದು ಬೇಕು. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಇದನ್ನು ಗುರುತಿಸುವುದು ಸುಲಭ. ‘ಐ5-7200ಯು’ ಎಂದಿದ್ದರೆ ಅಡ್ಡಗೆರೆಯ ನಂತರದ 7 ಎಂಬ ಅಂಕಿ ತಲೆಮಾರನ್ನು ಹೇಳುತ್ತದೆ, ಅದಕ್ಕೆ ಪ್ರವೇಶವಿಲ್ಲ. ‘ಐ5-8250ಯು’ ಆದರೆ ಉಂಟು. ಇಷ್ಟೆಲ್ಲ ಹುಡುಕುವ ತೊಂದರೆ ಬೇಡವೆಂದರೆ ಮೈಕ್ರೊಸಾಫ್ಟಿನದೇ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಕೆಲವೇ ಕ್ಷಣಗಳಲ್ಲಿ ಉತ್ತರ ಕೊಡುತ್ತದೆ.

4 ಜಿಬಿ ಎಂಬುದು ಪಾಸಾಗಲು ಬೇಕಾದ ಕನಿಷ್ಠ ಅಂಕದಂತೆ. ಅಷ್ಟರಲ್ಲಿ ಪ್ರವೇಶ ಸಿಗುತ್ತದೆ, ಸಲೀಸಾಗಿ ಓಡುವ ಭರವಸೆ ಸಿಗದು. 8 ಜಿಬಿ ರ‍್ಯಾಮ್ ಇದ್ದು, ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದ್ದರೆ ಓದುವ ಮಕ್ಕಳ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ.

ಪರೀಕ್ಷಿಸಿದಾಗ ಟಿಪಿಎಂ ಇಲ್ಲವೆಂಬ ಉತ್ತರ ಬಂದ ಕೂಡಲೇ ನಿರಾಶರಾಗಬೇಕಾದ್ದಿಲ್ಲ. ಎಷ್ಟೋ ಯಂತ್ರಗಳಲ್ಲಿ ಆ ಸೌಲಭ್ಯ ಇರುತ್ತದೆ, ಬಯಾಸ್ ಸೆಟ್ಟಿಂಗಿನಲ್ಲಿ ಆರಿಸಿಟ್ಟಿರುತ್ತದೆ. ಅದನ್ನು ನೋಡದೆ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ. ಆದರೆ ಬಯಾಸ್ ಮುಟ್ಟುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಯಂತ್ರದಲ್ಲಿ ‘ಬಿಟ್‌ಲಾಕರ್’ ಗೂಢಲಿಪಿ ಚಾಲೂ ಇದ್ದರೆ, ಇಂಥ ಬದಲಾವಣೆಯ ನಂತರ ಅದು 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳಬಹುದು. ಆ ಕೀಲಿ ಮೈಕ್ರೊಸಾಫ್ಟ್ ಖಾತೆಯಲ್ಲಿ ಇದೆಯೇ ಎಂದು ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಬೇಕು.

ಒಪ್ಪದಿದ್ದರೆ ಏನು ಗತಿ?

2017ಕ್ಕಿಂತ ಮುಂಚೆ ಕೊಂಡ ಯಂತ್ರಗಳ ಪಾಡು ಬಹುತೇಕ ಇದು. ಪ್ರೊಸೆಸರ್ ಹಳೆಯದಾದರೆ ರ‍್ಯಾಮ್ ಹೆಚ್ಚಿಸಿಯೂ ಅರ್ಹತೆ ಸಂಪಾದಿಸಲಾಗದು. ಆಗ ಉಳಿಯುವ ನೇರ ದಾರಿಗಳು ಮೂರು.

ಮೊದಲನೆಯದು ಕಾಲಾವಕಾಶ ಪಡೆಯುವುದು. ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ತೇಪೆಗಳನ್ನು ಮಾತ್ರ ಕೊಡುವ ವಿಸ್ತರಣಾ ಯೋಜನೆಯೊಂದನ್ನು ಮೈಕ್ರೊಸಾಫ್ಟ್ ಪ್ರಕಟಿಸಿತು. ಶುಲ್ಕ 30 ಡಾಲರ್. ಯಂತ್ರದ ಸೆಟ್ಟಿಂಗುಗಳನ್ನು ಮೈಕ್ರೊಸಾಫ್ಟ್ ಖಾತೆಗೆ ಜೋಡಿಸಿ ಉಳಿಸಲು ಒಪ್ಪಿದವರಿಗೆ ಶುಲ್ಕವಿಲ್ಲ. ಯಂತ್ರದಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕೆಂಬುದು ಷರತ್ತು. ಹೊಸ ಸೌಲಭ್ಯವಾಗಲಿ ತಾಂತ್ರಿಕ ನೆರವಾಗಲಿ ಇದರಲ್ಲಿ ಸೇರಿಲ್ಲ. ಪರೀಕ್ಷೆ ಮುಗಿಯುವ ತನಕ, ಅಥವಾ ದುಡ್ಡು ಕೂಡುವ ತನಕ ದೂಡಲು ಇದು ಅನುಕೂಲ. ಗಡುವು ದಾಟಿದ ಮೇಲೆ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆಂಬುದನ್ನು ಮರೆಯಬಾರದು.

ಎರಡನೆಯದು ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವುಗಳಿಗೆ ಹಣ ಕೊಡಬೇಕಾಗಿಲ್ಲ. ವಿಂಡೋಸ್ 11 ಒಪ್ಪದ ಅನೇಕ ಯಂತ್ರಗಳಲ್ಲಿ ಅವು ಲವಲವಿಕೆಯಿಂದ ಓಡುತ್ತವೆ. 2024ರ ಏಪ್ರಿಲಿನಲ್ಲಿ ಬಂದ ಉಬುಂಟು 24.04ಕ್ಕೆ ಐದು ವರ್ಷಗಳ ತೇಪೆಯ ಭರವಸೆ ಇದೆ. ಪೆನ್‌ಡ್ರೈವಿನಿಂದಲೇ ನಡೆಸಿ, ಇದ್ದ ವ್ಯವಸ್ಥೆಯನ್ನು ಅಳಿಸದೆ ಪರೀಕ್ಷಿಸಿ ನೋಡಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಇಂಥ ಮುಕ್ತ ತಂತ್ರಾಂಶದಲ್ಲಿಯೇ. ಬರವಣಿಗೆ, ಲೆಕ್ಕದ ಹಾಳೆ, ಪೈಥಾನ್ ಅಥವಾ ಸಿ ಭಾಷೆಯ ಪಾಠ, ಅಂತರಜಾಲ ಇಷ್ಟೇ ಕೆಲಸವಾದರೆ ಕೊರತೆ ಕಾಣದು. ಆದರೆ ಎಂಜಿನಿಯರಿಂಗ್ ಓದುವವರಿಗೆ ಬೇಕಾಗುವ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್‌ನಂಥವು ಲಿನಕ್ಸಿನಲ್ಲಿ ನೇರವಾಗಿ ನಡೆಯವು. ಕಾಲೇಜಿನಲ್ಲಿ ಯಾವ ತಂತ್ರಾಂಶ ಕಡ್ಡಾಯ ಎಂದು ಉಪನ್ಯಾಸಕರನ್ನು ಕೇಳಿಯೇ ತೀರ್ಮಾನಿಸಬೇಕು.

ಮೂರನೆಯದು ಹೊಸ ಯಂತ್ರ. ಮಗುವಿನ ಓದಿಗೆ ಬೇಕಾದ ತಂತ್ರಾಂಶ ಹಳೆಯದರಲ್ಲಿ ಓಡದಿದ್ದರೆ, ಬ್ಯಾಟರಿ, ಕೀಲಿಮಣೆ ಎಂದು ಒಂದರ ಹಿಂದೆ ಒಂದು ರಿಪೇರಿ ಬರುತ್ತಿದ್ದರೆ, ಹೊಸದಕ್ಕೆ ಹಾಕುವ ಹಣ ದಂಡವಲ್ಲ. ಹತ್ತನೆಯ ತರಗತಿ ಅಥವಾ ಪಿಯುಸಿಯಲ್ಲಿರುವ ಮಕ್ಕಳಾದರೆ, ಮುಂದೆ ಯಾವ ಕೋರ್ಸಿಗೆ ಸೇರುತ್ತಾರೆಂದು ಗೊತ್ತಾಗುವ ತನಕ ಕಾಯುವುದು ಲೇಸು. ವಾಣಿಜ್ಯ ಓದುವವರಿಗೆ ಸಾಕಾಗುವ ಲ್ಯಾಪ್‌ಟಾಪ್ ವಾಸ್ತುಶಿಲ್ಪ ಓದುವವರಿಗೆ ಸಾಲದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಹಾಸಿಗೆ ಯಾರಿಗೆಂಬುದು ಮೊದಲು ತಿಳಿದಿರಬೇಕು.

ಇವಲ್ಲದೆ ಅಡ್ಡದಾರಿಗಳೂ ಇವೆ. ಅರ್ಹತೆಯ ಪರೀಕ್ಷೆಯನ್ನೇ ತಪ್ಪಿಸಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಗಳಿಗೆ ತೇಪೆ ಬರುವ ಖಾತ್ರಿಯಿಲ್ಲವೆಂದು ಕಂಪೆನಿ ಸ್ಪಷ್ಟವಾಗಿ ಹೇಳಿದೆ. ತೇಪೆಗಾಗಿಯೇ ಬದಲಿಸುವುದಾದರೆ ಇದರಿಂದ ಪ್ರಯೋಜನವೇನು? ಕಳ್ಳಪ್ರತಿಯ ಮಾತಂತೂ ಬೇಡವೇ ಬೇಡ. ಕೀಲಿ ಮುರಿದುಕೊಡುವ ತಂತ್ರಾಂಶಗಳೊಳಗೆ ಗುಪ್ತಪದ ಕದಿಯುವ ತಂತ್ರಾಂಶಗಳು ಅಡಗಿ ಬರುವುದು ಸಾಮಾನ್ಯ. ತಂದೆಯ ಬ್ಯಾಂಕ್ ಖಾತೆ, ಮಗಳ ಪ್ರವೇಶ ಪರೀಕ್ಷೆಯ ಲಾಗಿನ್ ಎರಡೂ ಇರುವುದು ಅದೇ ಯಂತ್ರದಲ್ಲಿ.

ಕನ್ನಡದ ಕಡತಗಳ ಕಥೆ

ಕನ್ನಡದಲ್ಲಿ ಬರೆಯುವ ಮನೆಗಳು ಇನ್ನೊಂದು ವಿಷಯ ಗಮನಿಸಬೇಕು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಟೈಪಿಸಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಿಬಿಟ್ಟರೆ ಅಜ್ಜ ಬರೆದ ನೆನಪುಗಳೋ ಅಮ್ಮನ ಪಾಠದ ಟಿಪ್ಪಣಿಗಳೋ ಹೋದಂತೆಯೇ. ಬದಲಿಸುವ ಮುನ್ನ ಆ ಫಾಂಟುಗಳನ್ನು ನಕಲು ಮಾಡಿಟ್ಟುಕೊಳ್ಳಬೇಕು. ಮುಖ್ಯವಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಹೊಸದಾಗಿ ಟೈಪಿಸಲು ವಿಂಡೋಸಿನೊಳಗೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. ಉಚ್ಚಾರಣೆಯಂತೆ ಟೈಪಿಸುವ ಕನ್ನಡ ಕೀಲಿಮಣೆಯೂ 2019ರಿಂದ ಸೇರಿದೆ.

ಯಾವಾಗ, ಹೇಗೆ?

ಬದಲಿಸುವುದೆಂದು ನಿಶ್ಚಯವಾದ ಮೇಲೂ ದಿನ ನೋಡಬೇಕು. ಇಲ್ಲಿ ಪಂಚಾಂಗಕ್ಕಿಂತ ಪರೀಕ್ಷೆಯ ವೇಳಾಪಟ್ಟಿ ಮುಖ್ಯ. ಪ್ರಾಜೆಕ್ಟ್ ಒಪ್ಪಿಸುವ ವಾರ, ಸೆಮಿಸ್ಟರ್ ಪರೀಕ್ಷೆಯ ತಿಂಗಳು, ಸಿಇಟಿ ಆಪ್ಷನ್ ಎಂಟ್ರಿ ನಡೆಯುವ ದಿನಗಳು ಇವುಗಳಲ್ಲಿ ಕೈಹಾಕಬಾರದು. ದಸರೆಯ ರಜೆಯೋ ಬೇಸಗೆಯ ರಜೆಯೋ ಸೂಕ್ತ. ಏನಾದರೂ ತೊಡಕಾದರೆ ಸರಿಪಡಿಸಿಕೊಳ್ಳಲು ನಾಲ್ಕು ದಿನ ಕೈಯಲ್ಲಿರುತ್ತದೆ.

ಮೊದಲ ಕೆಲಸ ನಕಲು. ಟಿಪ್ಪಣಿ, ಅಂಕಪಟ್ಟಿಯ ಪ್ರತಿ, ಫೋಟೊ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ತುಂಬಬೇಕು. ಮೈಕ್ರೊಸಾಫ್ಟಿನ ಒನ್‌ಡ್ರೈವಿನಲ್ಲಿ ಉಚಿತವಾಗಿ ಸಿಗುವ ಜಾಗ 5 ಜಿಬಿ ಮಾತ್ರ. ಮನೆಯ ಫೋಟೊಗಳಿಗೇ ಅದು ಸಾಲದು. ನಕಲಾಯಿತೆಂದು ನಂಬಿ ಕೂರದೆ, ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನಾಲ್ಕಾರು ಕಡತ ತೆರೆದು ನೋಡಬೇಕು. ಮುದ್ರಕ ಮತ್ತು ಸ್ಕ್ಯಾನರಿಗೆ ಹೊಸ ವ್ಯವಸ್ಥೆಯ ಚಾಲಕ ತಂತ್ರಾಂಶ ಸಿಗುತ್ತದೆಯೇ ಎಂದು ತಯಾರಕರ ತಾಣದಲ್ಲಿ ಪರಿಶೀಲಿಸಬೇಕು.

ವಿಂಡೋಸ್ 11ಕ್ಕೆ ಏರಿದ ಮೇಲೆ ಹಿಡಿಸದಿದ್ದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿದೆ. ಆ ಹತ್ತು ದಿನಗಳಲ್ಲಿ ಯಂತ್ರವನ್ನು ಸುಮ್ಮನಿಡದೆ ಮುದ್ರಣ, ಕನ್ನಡ ಟೈಪಿಂಗ್, ಆನ್‌ಲೈನ್ ತರಗತಿ, ಕಾಲೇಜಿನ ತಂತ್ರಾಂಶ ಎಲ್ಲವನ್ನೂ ಒಮ್ಮೆ ನಡೆಸಿ ನೋಡುವುದು ಒಳಿತು.

ಈ ಪರಿಶೀಲನೆಯನ್ನೆಲ್ಲ ಮಕ್ಕಳಿಗೇ ಒಪ್ಪಿಸುವುದು ಇನ್ನೂ ಉತ್ತಮ. ಯಂತ್ರದ ತಲೆಮಾರು ಯಾವುದು, ಬೇಕಾದ ತಂತ್ರಾಂಶ ಯಾವುವು, ಖರ್ಚೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ತರಲು ಹೇಳಿದರೆ, ‘ಬೇಕು’ ಎಂಬ ಹಟ ‘ಏಕೆ ಬೇಕು’ ಎಂಬ ಲೆಕ್ಕವಾಗುತ್ತದೆ. ಆ ಹಾಳೆಯ ಕೊನೆಯಲ್ಲಿ ಒಂದು ತಾರೀಖಿಗೂ ಜಾಗವಿರಲಿ. ವಿಂಡೋಸ್ 11ರ ಮನೆಬಳಕೆಯ ಪ್ರತಿಯೊಂದು ಆವೃತ್ತಿಗೂ ಬೆಂಬಲ ದೊರೆಯುವುದು 24 ತಿಂಗಳು ಮಾತ್ರ. ಅಷ್ಟರೊಳಗೆ ಮುಂದಿನ ಆವೃತ್ತಿಗೆ ಹೋಗಬೇಕು. ಆ ದಿನ ಯಾವುದೆಂದು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ, ಮುಂದಿನ ಸಲ ಪರೀಕ್ಷೆಯ ನಡುವೆ ಗಾಬರಿಪಡಬೇಕಾಗಿಲ್ಲ.